ನಲವತ್ತು ಸೆಕೆಂಡಿನ ನೆನಪು

ಅಕ್ಕ ಕಂಪ್ಯೂಟರಿನ ಡಬ್ಬವನ್ನು ಎದೆಗವಚಿಕೊಂಡು ಅಂಗಡಿಯ ಮೂರು ಮೆಟ್ಟಿಲು ಹತ್ತಿ ಬಂದಾಗ, ತಮ್ಮ ಯಾರದೋ ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಾಗದದ ಚೂರನ್ನು ಚಿಮಟದಿಂದ ಎಳೆಯುತ್ತ ಕುಳಿತಿದ್ದ.

"ಜಾಗ ಮಾಡೋ, ಕೈ ಕಿತ್ತು ಬರ್ತಿದೆ," ಎಂದಳು ಅಕ್ಕ.

ಕೌಂಟರಿನಲ್ಲಿದ್ದ ಅವನ ಹೆಂಡತಿ ಓಡಿಬಂದು ಡಬ್ಬದ ಇನ್ನೊಂದು ಬದಿಗೆ ಕೈಕೊಟ್ಟಳು. "ಅತ್ತಿಗೆ, ಒಂದು ಫೋನ್ ಮಾಡಿದ್ರೆ ಇವರೇ ಬರ್ತಿದ್ರಲ್ಲ?"

"ನಿನ್ನ ಗಂಡ ಬರ್ತೀನಿ ಬರ್ತೀನಿ ಅಂತ ಎರಡು ತಿಂಗಳಾಯ್ತು. ಕಾದು ಕಾದು ಸಾಕಾಗಿ ರೋಗೀನೇ ಎತ್ಕೊಂಡು ಬಂದೆ."

ಅಕ್ಕ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಅವಳ ಲ್ಯಾಬಿನ ಕಿಟಕಿಯುದ್ದಕ್ಕೂ ಗಾಜಿನ ತೊಟ್ಟಿಗಳಿದ್ದವು. ಅವುಗಳಲ್ಲಿ ಅರ್ಧ ಬೆರಳುದ್ದದ ಪಟ್ಟೆ ಮೀನುಗಳಿದ್ದವು. ಹುಡುಗಿಯರು ಅವಳನ್ನು ಕರೆಯುತ್ತಿದ್ದುದೇ ಮೀನು ಮೇಡಂ ಎಂದು. ಮುಂದಿನ ವರ್ಷ ಅವಳ ನಿವೃತ್ತಿ. ಅಷ್ಟರೊಳಗೆ ಒಂದೇ ಒಂದು ಸಂಗತಿಯನ್ನು ಕಣ್ಣಾರೆ ನೋಡಬೇಕೆಂಬ ಹಟ ಅವಳಿಗೆ ಹಿಡಿದಿತ್ತು.

ಆ ಮೀನಿನ ಮೊಟ್ಟೆ ಗಾಜಿನ ಮಣಿಯಷ್ಟು ತಿಳಿ. ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಒಳಗೆ ಮರಿ ಬೆಳೆಯುವುದೆಲ್ಲ ಕಾಣುತ್ತದೆ. ಬೆಳಕು ಹರಿಯುವ ಹೊತ್ತಿಗೆ ಇಟ್ಟ ಮೊಟ್ಟೆಯಲ್ಲಿ ಮಾರನೆಯ ದಿನ ಬೆಳಿಗ್ಗೆ, ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆಗೆ, ಹೃದಯ ಬಡಿಯತೊಡಗುತ್ತದೆ. ಅಕ್ಕ ಬಡಿಯುವ ಹೃದಯವನ್ನು ಸಾವಿರ ಸಲ ನೋಡಿದ್ದಳು. ಇನ್ನೂ ಬಡಿಯದ ಹೃದಯವನ್ನೂ ನೋಡಿದ್ದಳು. ಅವೆರಡರ ನಡುವಿನ ಗಳಿಗೆಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

"ರೆಪ್ಪೆ ಮುಚ್ಚಿ ತೆಗೆಯೋದ್ರಲ್ಲಿ ಆಗಿಹೋಗಿರುತ್ತೆ," ಎಂದಳು. "ಮರಿ ಬಾಲ ಒದರುತ್ತೆ, ಅದೇ ಬಡಿತ ಅಂದ್ಕೊಂಡು ಮೋಸಹೋಗ್ತೀನಿ. ಇಲ್ಲಾಂದ್ರೆ ಕತ್ತು ನೋವು ಅಂತ ತಲೆ ಎತ್ತಿ ಮತ್ತೆ ನೋಡೋವಾಗ್ಲೇ ಟಕಟಕ ಅಂತಿರುತ್ತೆ."

"ಫೋನಲ್ಲಿ ವಿಡಿಯೋ ತೆಗೀಬಾರ್ದಾ ಅತ್ತಿಗೆ?"

"ತೆಗೆದೆ. ಅಷ್ಟು ಮಂದ ಬೆಳಕಲ್ಲಿ ಫೋನಿಗೆ ಏನೂ ಕಾಣಲ್ಲ. ಬೆಳಕು ಜಾಸ್ತಿ ಮಾಡಿದ್ರೆ ಕಾವಿಗೆ ಮೊಟ್ಟೇನೇ ಸತ್ತುಹೋಗುತ್ತೆ."

ಮಂದ ಬೆಳಕಿನಲ್ಲೂ ಕಾಣುವ ಒಳ್ಳೆಯ ಕ್ಯಾಮೆರಾ ಲ್ಯಾಬಿನಲ್ಲೇ ಇತ್ತು. ಹಿಂದಿನ ಯಾವುದೋ ಪ್ರಿನ್ಸಿಪಾಲರ ಕಾಲದಲ್ಲಿ ಬಂದದ್ದು. ಅದನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್ ಕೂರುವುದು ಈ ಹಳೇ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಮಾತ್ರ. ಹೊಸ ಕಂಪ್ಯೂಟರುಗಳಲ್ಲಿ ಅಂಥ ಸ್ಲಾಟೇ ಇಲ್ಲ. ಕ್ಯಾಮೆರಾ ಕಳಿಸುವ ಚಿತ್ರಗಳನ್ನು ಅದೇ ಓಟದಲ್ಲಿ ಬರೆದುಕೊಳ್ಳಲು ಆ ಕಾಲದ ಹಾರ್ಡ್ ಡಿಸ್ಕಿಗೆ ಆಗುತ್ತಿರಲಿಲ್ಲ. ಅದಕ್ಕೇ ಪ್ರೋಗ್ರಾಮು ಅವನ್ನೆಲ್ಲ ಮೊದಲು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತಿತ್ತು. ರ‍್ಯಾಮ್ ತುಂಬಿದರೆ ಹಳೆಯ ಚಿತ್ರವನ್ನು ಬಿಟ್ಟು ಹೊಸದನ್ನು ಹಿಡಿಯುತ್ತಿತ್ತು. ನಿಲ್ಲಿಸುವ ಗುಂಡಿ ಒತ್ತಿದರೆ, ಒತ್ತುವ ಮುಂಚಿನ ನಲವತ್ತು ಸೆಕೆಂಡುಗಳು ಮಾತ್ರ ಕೈಗೆ ಸಿಗುತ್ತಿದ್ದವು. ಅದರ ಹಿಂದಿನದೆಲ್ಲ ಹೋಯಿತೆಂದೇ ಲೆಕ್ಕ.

"ಇದು ಬಡಿತಾನೇ ಅಂತ ನನಗೆ ಗ್ಯಾರಂಟಿ ಆಗೋಕೇ ಒಂದು ನಿಮಿಷ ಬೇಕು. ಅಷ್ಟೊತ್ತಿಗೆ ಇದು ಮರೆತುಬಿಟ್ಟಿರುತ್ತೆ," ಎಂದು ಅಕ್ಕ ಡಬ್ಬದ ಮೇಲೆ ಮೊಟಕಿದಳು. "ಇದಕ್ಕೆ ಸ್ವಲ್ಪ ನೆನಪಿನ ಶಕ್ತಿ ಬರೋ ಹಾಗೆ ಮಾಡು. ಅಷ್ಟು ಸಾಕು."

ತಮ್ಮ ಬದಿಯ ತಗಡು ಬಿಚ್ಚಿದ. ಒಳಗೆ ಹತ್ತಿಯಂತೆ ಧೂಳು ಕೂತಿತ್ತು. ಬ್ರಷ್ಷಿನಿಂದ ಸರಿಸಿದಾಗ ರ‍್ಯಾಮ್‌ನ ನಾಲ್ಕು ಸ್ಲಾಟುಗಳು ಕಂಡವು. ಎರಡು ಖಾಲಿ, ಉಳಿದೆರಡರಲ್ಲಿ ಕಾಲು ಕಾಲು ಜಿಬಿ. ಬೋರ್ಡಿನ ಮಾಹಿತಿ ಹುಡುಕಿ ನೋಡಿದ. ಸ್ಲಾಟಿಗೆ ಒಂದೊಂದು ಜಿಬಿಯಂತೆ ಒಟ್ಟು ನಾಲ್ಕು ಜಿಬಿ ಹಾಕಬಹುದೆಂದು ಬರೆದಿತ್ತು.

"ಇಷ್ಟೇನಾ? ಬರೀ ಅರ್ಧ ಗಂಟೆ ಕೆಲಸ ಅಕ್ಕ," ಎಂದ.

ಆ ಮಾತನ್ನು ಅವನ ಹೆಂಡತಿ ಮುಂದಿನ ಮೂರು ವಾರ ಅವನಿಗೆ ದಿನಕ್ಕೊಂದು ಸಲವಾದರೂ ನೆನಪಿಸಿದಳು.

ತರಿಸಿದ ನಾಲ್ಕು ಹೊಸ ರ‍್ಯಾಮ್‌ಗಳು ಬಂದ ದಿನ ಅವನು ಅವನ್ನು ಒಂದೊಂದಾಗಿ ಒತ್ತಿ ಕೂರಿಸಿ, ಎರಡೂ ಕೊನೆಯ ಕೊಕ್ಕೆಗಳು ಟಕ್ಕೆಂದು ಬಿದ್ದದ್ದನ್ನು ಕೇಳಿಸಿಕೊಂಡು ಸ್ವಿಚ್ ಒತ್ತಿದ. ಫ್ಯಾನು ತಿರುಗಿತು. ಪರದೆ ಕಪ್ಪಾಗೇ ಉಳಿಯಿತು. ಒಂದು ಉದ್ದನೆಯ ಬೀಪ್, ಸ್ವಲ್ಪ ಬಿಟ್ಟು ಮತ್ತೊಂದು, ಮತ್ತೊಂದು. ರ‍್ಯಾಮ್ ಸಿಗುತ್ತಿಲ್ಲವೆಂದು ಬೋರ್ಡು ಕೂಗಿಕೊಳ್ಳುವ ರೀತಿ ಅದು.

ಅವನು ಗಾಬರಿಯಾಗಲಿಲ್ಲ. ಪ್ಲಗ್ ಕಿತ್ತು, ನಾಲ್ಕನ್ನೂ ತೆಗೆದು, ಅವುಗಳ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿದ. ಸ್ಲಾಟುಗಳಿಗೆ ಗಾಳಿ ಊದಿದ. ಒಂದನ್ನೇ ಮೊದಲ ಸ್ಲಾಟಿಗೆ ಹಾಕಿ ನೋಡಿದ, ಬೀಪ್. ಅದನ್ನೇ ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಆಮೇಲೆ ಇನ್ನೊಂದನ್ನು ತೆಗೆದುಕೊಂಡು ಮತ್ತೆ ಮೊದಲಿನಿಂದ. ಹದಿನಾರು ಸಲ ಹಾಕಿ ತೆಗೆದ, ಹದಿನಾರು ಸಲವೂ ಬೀಪ್. ಬೋರ್ಡಿನ ಗುಂಡು ಬ್ಯಾಟರಿ ತೆಗೆದು, ಹಳೆಯ ಸೆಟ್ಟಿಂಗೆಲ್ಲ ಅಳಿಸಿ ಹೋಗುವ ತನಕ ಕಾದು ಮತ್ತೆ ಹಾಕಿದ. ಅದೇ ರಾಗ. ಹಳೆಯ ಎರಡನ್ನು ಹಾಕಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

"ಅರ್ಧ ಗಂಟೆ ಆಯ್ತೇನ್ರೀ?" ಎಂದಳು ಹೆಂಡತಿ.

ನಾಲ್ಕಕ್ಕೆ ನಾಲ್ಕೂ ಕೆಟ್ಟಿರಲು ಸಾಧ್ಯವಿಲ್ಲ. ಬೋರ್ಡೂ ಚೆನ್ನಾಗಿದೆ. ಹಾಗಾದರೆ ಇವೆರಡಕ್ಕೆ ಪರಸ್ಪರ ಏನೋ ಆಗುತ್ತಿಲ್ಲ. ಅದು ಏನೆಂದು ತಿಳಿಯಬೇಕಾದರೆ ಅವುಗಳ ಮೇಲಿನ ಕಪ್ಪು ಚಿಪ್‌ಗಳ ಸಂಖ್ಯೆ ಓದಬೇಕು. ಇರುವೆಯ ಹೆಜ್ಜೆಯಂಥ ಅಕ್ಷರ, ಅರ್ಧ ಮಾಸಿದೆ. ಅವನ ಭೂತಗನ್ನಡಿಗೆ ದಕ್ಕಲಿಲ್ಲ. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಅಕ್ಕನ ಲ್ಯಾಬಿಗೆ ಹೋದ.

ಅಕ್ಕ ಮೈಕ್ರೋಸ್ಕೋಪಿನ ಮೇಜು ಒರೆಸಿ, ಮೊಟ್ಟೆ ಇಡುವ ಜಾಗದಲ್ಲಿ ರ‍್ಯಾಮ್ ಇಟ್ಟು, ಪಕ್ಕದಿಂದ ಬೆಳಕು ಬೀಳುವಂತೆ ದೀಪ ತಿರುಗಿಸಿದಳು. ಅವನು ಕಣ್ಣಿಟ್ಟ. ಮಾಸಿದ ಅಕ್ಷರಗಳು ಕಲ್ಲಿನಲ್ಲಿ ಕೆತ್ತಿದಂತೆ ಎದ್ದು ಕಂಡವು.

"ಓದ್ತೀನಿ, ಬರ್ಕೋ," ಎಂದು ಸಂಖ್ಯೆ ಹೇಳಿದ. ಹಳೆಯದನ್ನೂ ಇಟ್ಟು ಓದಿದ. ಎರಡನ್ನೂ ಕಾಗದದ ಮೇಲೆ ಅಕ್ಕಪಕ್ಕ ಇಟ್ಟುಕೊಂಡಾಗ ವಿಷಯ ಹೊರಬಿತ್ತು. ಹಳೆಯ ಬೋರ್ಡು ಒಂದೊಂದು ಚಿಪ್‌ನಲ್ಲಿ ನೆನಪು ಕೂರುವ ಮನೆಗಳು ಇಂತಿಷ್ಟೇ ಇರುತ್ತವೆ ಎಂದು ನಂಬಿದ ಕಾಲದ್ದು. ಹೊಸದಾಗಿ ಬಂದವು ಅಷ್ಟೇ ಜಾಗದಲ್ಲಿ ಎರಡರಷ್ಟು ಮನೆ ಕಟ್ಟಿ, ಒಳಗಿನ ಸಾಲುಗಳನ್ನೇ ಬೇರೆ ರೀತಿಯಲ್ಲಿ ಜೋಡಿಸಿದಂಥವು. ಹೊರಗಿನಿಂದ ನೋಡಿದರೆ ಅವಳಿಜವಳಿ. ಒಳಗೆ ಹೋದರೆ ಬೋರ್ಡಿಗೆ ದಾರಿ ತಪ್ಪುತ್ತಿತ್ತು.

"ಒಂದು ಜಿಬಿ ಅಂದ್ರೆ ಎಷ್ಟು ಮನೆ ಕಣೋ?" ಅಕ್ಕ ಕೇಳಿದಳು.

"ಎಂಟು ನೂರು ಕೋಟಿ ಮೇಲಾಗುತ್ತೆ. ಒಂದೊಂದ್ರಲ್ಲೂ ದೀಪ ಇದೆ, ಇಲ್ಲ, ಅಷ್ಟೇ. ಅದೂ ಹಚ್ಚಿಟ್ರೆ ಉಳಿಯಲ್ಲ. ಕಣ್ಣು ಮಿಟುಕಿಸೋದ್ರೊಳಗೆ ಎಷ್ಟೋ ಸಲ ಎಲ್ಲಾ ಮನೆಗೂ ಹೋಗಿ ಹಚ್ತಾನೇ ಇರಬೇಕು. ಇಲ್ಲಾಂದ್ರೆ ಮರೆತುಹೋಗುತ್ತೆ."

ಅಕ್ಕ ಕೈಯಲ್ಲಿದ್ದ ಹಸಿರು ಪಟ್ಟಿಯನ್ನು ತಿರುಗಿಸಿ ನೋಡಿದಳು. ಬಾಚಣಿಗೆಗಿಂತ ಚಿಕ್ಕದು. "ಇಷ್ಟರೊಳಗೆ? ಮಾಡಿದೋರು ಮನುಷ್ಯರೇನಾ?" ಎಂದು ಮೆಲ್ಲಗೆ ಮೇಜಿನ ಮೇಲಿಟ್ಟಳು. ಬೀಳಿಸಿಬಿಟ್ಟೇನು ಎನ್ನುವ ಭಯ ಆಗ ಹುಟ್ಟಿದಂತಿತ್ತು.

ಬೇಕಾದ ಜಾತಿಯ ಒಂದು ಜಿಬಿ ರ‍್ಯಾಮ್ ಈಗ ಯಾರೂ ಮಾಡುವುದಿಲ್ಲ. ತಮ್ಮ ಎರಡು ದಿನ ಫೋನು ಹಿಡಿದೇ ಕುಳಿತ. ಊಟದ ಹೊತ್ತಿನಲ್ಲಿ ಹೆಂಡತಿ ತಟ್ಟೆ ಮುಂದೆ ತಂದಿಟ್ಟು ಎದುರಿಗೆ ಕುಳಿತಳು.

"ಬೇರೆಯವರದ್ದಾಗಿದ್ರೆ ಆಗಲ್ಲ ಅಂತ ಎಂದೋ ವಾಪಸ್ ಕಳಿಸ್ತಿದ್ರಿ. ಅಕ್ಕ ಅಂತ ಇಷ್ಟು ಹಟಾನಾ?"

ಅವನು ಅನ್ನಕ್ಕೆ ಸಾರು ಹಾಕಿಕೊಂಡು ಕಲಸಿದ. ಎರಡು ವರ್ಷದ ಹಿಂದೆ ಅವನ ಎದೆ ಕೊಯ್ದು ರಕ್ತನಾಳ ಜೋಡಿಸಿದ್ದರು. ಹೆಂಡತಿಯೂ ಅಕ್ಕನೂ ಅಂದು ಬೆಳಿಗ್ಗೆಯಿಂದ ಸಂಜೆಯ ತನಕ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು.

"ಅವತ್ತು ನನ್ನ ಹಾರ್ಟು ಒಂದು ಗಂಟೆ ಹತ್ತು ನಿಮಿಷ ನಿಲ್ಲಿಸಿಟ್ಟಿದ್ರಂತೆ," ಎಂದ. "ರಕ್ತ ಎಲ್ಲ ಮಷೀನಿನಲ್ಲಿ ಓಡ್ತಿತ್ತು. ಆಮೇಲೆ ಡಾಕ್ಟರನ್ನ ಕೇಳಿದ್ದೆ, ಮತ್ತೆ ಹೇಗೆ ಶುರು ಮಾಡಿದ್ರಿ ಸಾರ್ ಅಂತ. ಅವರು ನಕ್ಕು, 'ನಾವೇನೂ ಮಾಡಲಿಲ್ಲಪ್ಪ, ಬೆಚ್ಚಗಿನ ರಕ್ತ ಬಿಟ್ವಿ, ಅದಾಗೇ ಶುರುವಾಯ್ತು' ಅಂದ್ರು. ಅದಾಗೇ ಅಂದ್ರೆ ಏನೇ? ನಾನು ಇಪ್ಪತ್ತೆಂಟು ವರ್ಷದಿಂದ ಮಷೀನು ರಿಪೇರಿ ಮಾಡ್ತಿದ್ದೀನಿ. ಯಾವುದೂ ಅದಾಗೇ ಶುರುವಾಗಿದ್ದು ನೋಡಿಲ್ಲ."

ಹೆಂಡತಿ ಕೈ ತೊಳೆದು ಬಂದವಳೇ ಹಳೇ ಡೈರಿ ತೆಗೆದು, ಲೈಬ್ರರಿಯಮ್ಮನ ನಂಬರು ಹುಡುಕಿ ಕೊಟ್ಟಳು. ಸಾರ್ವಜನಿಕ ಲೈಬ್ರರಿಯಲ್ಲಿ ಒಂದು ಕಾಲಕ್ಕೆ ಸಾಲಾಗಿ ಹನ್ನೆರಡು ಕಂಪ್ಯೂಟರುಗಳಿದ್ದವು. ಈಗ ಅವೆಲ್ಲ ಹಿಂದಿನ ತಗಡಿನ ಶೆಡ್ಡಿನಲ್ಲಿ ಬಿದ್ದಿದ್ದವು.

ಲೈಬ್ರರಿಯಮ್ಮ ಬೀಗ ತೆಗೆದು, "ಒಳಗೆ ಹಲ್ಲಿ ಸಂಸಾರ ಇದೆ, ಹುಷಾರು," ಎಂದಳು. ಅವನು ಹಣೆಗೆ ದೀಪ ಕಟ್ಟಿಕೊಂಡು ಹನ್ನೆರಡನ್ನೂ ಬಿಚ್ಚಿದ. ಕೆಲವಕ್ಕೆ ತುಕ್ಕು ಹಿಡಿದಿತ್ತು, ಕೆಲವನ್ನು ಯಾರೋ ಮೊದಲೇ ಬಗೆದು ಖಾಲಿ ಮಾಡಿದ್ದರು. ಸಂಜೆಯ ಹೊತ್ತಿಗೆ ಅವನ ಕೈಗೆ ಒಂದು ಜಿಬಿಯ ಐದು ರ‍್ಯಾಮ್ ಸಿಕ್ಕವು. ಮಾರನೆಯ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಐದೂ ಬೇಕಾದ ಜಾತಿಯವೇ.

ಒಂದಂತೂ ಸತ್ತೇ ಹೋಗಿತ್ತು. ಉಳಿದ ನಾಲ್ಕನ್ನು ಬೇರೆ ಬೇರೆಯಾಗಿ ಹಾಕಿ ಪರೀಕ್ಷೆಯ ಪ್ರೋಗ್ರಾಮು ಓಡಿಸಿದ. ಅದು ಪ್ರತಿ ಮನೆಗೂ ಹೋಗಿ ಒಂದು ಗುರುತು ಬರೆದು, ಮತ್ತೆ ಹೋಗಿ ಅದೇ ಇದೆಯೇ ಎಂದು ಓದಿ ನೋಡುತ್ತದೆ. ಒಂದೂ ತಪ್ಪಿಲ್ಲ. ಎರಡೆರಡು ಜೊತೆ ಹಾಕಿದ. ತಪ್ಪಿಲ್ಲ. ನಾಲ್ಕನ್ನೂ ಹಾಕಿದ. ಹತ್ತು ನಿಮಿಷದಲ್ಲಿ ಪರದೆಯ ತುಂಬ ಕೆಂಪು ಸಾಲುಗಳು ಮಳೆಹುಳುವಿನಂತೆ ಎದ್ದವು.

ಅವನು ಸ್ಟೂಲು ಎಳೆದುಕೊಂಡು ಕುಳಿತ. ಯಾವುದು ಕೆಟ್ಟಿದೆ? ಒಂಟಿಯಾಗಿ ಎಲ್ಲವೂ ಒಳ್ಳೆಯವೇ. ಜಾಗ ಬದಲಿಸಿದ, ಕೆಂಪು. ವೋಲ್ಟೇಜು ಒಂದು ಕೂದಲೆಳೆ ಏರಿಸಿದ, ಕೆಂಪು ಕಡಿಮೆಯಾಯಿತೇ ಹೊರತು ಹೋಗಲಿಲ್ಲ.

ಚಹಾ ತಂದ ಹೆಂಡತಿ ಪರದೆ ನೋಡಿ, "ಒಂದೊಂದೇ ಇದ್ದಾಗ ಸರಿಯಾಗಿದ್ವಲ್ಲ, ಗುಂಪಿಗೆ ಬಂದಕೂಡ್ಲೇ ಏನಾಗುತ್ತೆ? ಗದ್ದಲಕ್ಕೆ ಕಿವಿ ಕೇಳಿಸಲ್ವೇನೋ. ನಿಧಾನವಾಗಿ ಮಾತಾಡಿ ನೋಡಿ," ಎಂದಳು ತಮಾಷೆಗೆ.

ಅವನು ಲೋಟ ಕೆಳಗಿಟ್ಟ. ನಾಲ್ಕೂ ಒಂದೇ ತಂತಿಗೆ ಜೋತುಬಿದ್ದಾಗ ಬೋರ್ಡಿನ ಮೇಲೆ ಭಾರ ಹೆಚ್ಚುತ್ತದೆ. ಪೂರ್ತಿ ವೇಗದಲ್ಲಿ ಕಳಿಸಿದ ಸೂಚನೆ ಮಸುಕಾಗುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ತಲೆಗೆ ಬಂದಿರಲಿಲ್ಲ ಅಷ್ಟೆ. ಬೋರ್ಡಿನ ಸೆಟ್ಟಿಂಗಿಗೆ ಹೋಗಿ ರ‍್ಯಾಮ್‌ನ ವೇಗವನ್ನು ಒಂದು ಮೆಟ್ಟಿಲು ಇಳಿಸಿದ. ಪರೀಕ್ಷೆ ಮತ್ತೆ ಓಡಿತು. ಒಂದು ಗಂಟೆ, ಎರಡು ಗಂಟೆ, ಅಂಗಡಿ ಮುಚ್ಚುವ ಹೊತ್ತು. ಒಂದೇ ಒಂದು ಕೆಂಪು ಗೆರೆ ಏಳಲಿಲ್ಲ.

ಕಂಪ್ಯೂಟರು ತೆರೆದುಕೊಂಡು ಮೂರೂಕಾಲು ಜಿಬಿ ಎಂದು ತೋರಿಸಿದಾಗ ಹೆಂಡತಿ ಹುಬ್ಬೇರಿಸಿದಳು. "ಹಾಕಿದ್ದು ನಾಲ್ಕು. ಮುಕ್ಕಾಲು ಯಾರ ಹೊಟ್ಟೆಗೆ ಹೋಯ್ತು?"

"ಆ ಕಾಲದ ಮಷೀನಿಗೆ ಎಣಿಸೋಕೆ ಬರೋದೇ ನಾಲ್ಕರ ತನಕ. ಅದ್ರಲ್ಲೂ ಕೊನೇ ಮುಕ್ಕಾಲು ಲೆಕ್ಕ ಬೋರ್ಡಿನ ಬೇರೆ ಕಾರ್ಡುಗಳಿಗೆ ಹೋಗುತ್ತೆ. ಕಳ್ಳತನ ಅಲ್ಲ, ಬಿಡು."

ಅಕ್ಕ ಲ್ಯಾಬಿನಲ್ಲಿ ಕ್ಯಾಮೆರಾ ಜೋಡಿಸಿ ನೋಡಿದಳು. ನಲವತ್ತು ಸೆಕೆಂಡು ಇದ್ದದ್ದು ಏಳು ನಿಮಿಷವಾಗಿತ್ತು. ಅವಳು ತಮ್ಮನ ಭುಜ ಹಿಡಿದು ಅಲ್ಲಾಡಿಸಿದಳು.

ಮೀನುಗಳು ಮೊಟ್ಟೆಯಿಟ್ಟ ಮಾರನೆಯ ಬೆಳಿಗ್ಗೆ ಆರೂವರೆಗೇ ಮೂವರೂ ಲ್ಯಾಬಿನಲ್ಲಿದ್ದರು. ಲ್ಯಾಬಿನ ಆಯಾ ನೆಲ ಒರೆಸುತ್ತಿದ್ದಳು. ಅಕ್ಕ ಒಂದು ಮೊಟ್ಟೆಯನ್ನು ಆರಿಸಿ, ಮರಿ ಹೊರಳದ ಹಾಗೆ ತಿಳಿ ಜೆಲ್ಲಿಯ ಹನಿಯಲ್ಲಿ ಕೂರಿಸಿದ್ದಳು. ಪರದೆಯ ಮೇಲೆ ದೊಡ್ಡ ಕಪ್ಪು ಕಣ್ಣಿನ ಬಾಗಿದ ಮರಿ. ಕಣ್ಣಿನ ಕೆಳಗೆ ಮಂಜು ಕವಿದಂಥ ಒಂದು ಪುಟ್ಟ ಕೊಳವೆ.

"ಅದೇ," ಎಂದಳು ಅಕ್ಕ.

ಕೊಳವೆ ಸುಮ್ಮನಿತ್ತು. ಏಳು ಗಂಟೆಯಾಯಿತು. ಬಾಲ ಒಮ್ಮೆ ಒದರಿತು. ತಮ್ಮನ ಹೆಂಡತಿ "ಹಾ!" ಎಂದಳು. "ಅಲ್ಲ, ಬಾಲ," ಎಂದಳು ಅಕ್ಕ. ಏಳೂವರೆ. ಎಂಟಕ್ಕೆ ಐದು ನಿಮಿಷವಿದೆ ಎನ್ನುವಾಗ ತಮ್ಮನಿಗೆ ಕೊಳವೆ ಏನೋ ಮಾಡಿದಂತೆ ಕಂಡಿತು. ಕಣ್ಣು ಉಜ್ಜಿಕೊಂಡ. ಏನೂ ಇಲ್ಲ. ಹೇಳುವುದೋ ಬೇಡವೋ ಎಂದು ಸುಮ್ಮನಾದ. ಕೆಲವು ನಿಮಿಷಗಳ ನಂತರ ಮಾತ್ರ ಸಂಶಯವೇ ಉಳಿಯಲಿಲ್ಲ. ಕೊಳವೆ ಹಿಂಡಿಕೊಳ್ಳುತ್ತಿತ್ತು, ಬಿಡುತ್ತಿತ್ತು, ಹಿಂಡಿಕೊಳ್ಳುತ್ತಿತ್ತು.

ಅಕ್ಕ ಗುಂಡಿ ಒತ್ತಿದಳು.

ಹಿಂದಕ್ಕೆ ಓಡಿಸಿದರು. ನಲವತ್ತು ಸೆಕೆಂಡು ಹಿಂದೆ ಬಡಿತವಿತ್ತು. ಒಂದು ನಿಮಿಷ ಹಿಂದೆಯೂ ಇತ್ತು, ಸ್ವಲ್ಪ ಬಿಡಿಬಿಡಿಯಾಗಿ. ಎರಡು ನಿಮಿಷ ಹಿಂದೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಉಸಿರು ತೆಗೆದು ಬಿಡುವಷ್ಟು ಅಂತರ. ಮೂರು ನಿಮಿಷ ಹಿಂದೆ ಅಂತರ ಇನ್ನೂ ಹೆಚ್ಚಿತು. ನಾಲ್ಕು ನಿಮಿಷದ ಹತ್ತಿರ ಒಂದು ಬಡಿತ. ಅದರ ಹಿಂದೆ ಒಂದು ನಿಮಿಷ ಸರಿಸಿದರೂ ಏನೂ ಇಲ್ಲ, ಬರೀ ನಿಶ್ಚಲ.

"ಇದೇನಾ ಅತ್ತಿಗೆ?"

"ತಡಿ." ಅಕ್ಕ ಹಿಂದಕ್ಕೆ ಹೋಗುತ್ತಲೇ ಇದ್ದಳು. ಐದು ನಿಮಿಷ. ಐದೂವರೆ. ಅಲ್ಲಿ, ಯಾರೂ ನಿರೀಕ್ಷಿಸದ ಜಾಗದಲ್ಲಿ, ಒಂಟಿಯಾಗಿ ಇನ್ನೊಂದಿತ್ತು. ತಮ್ಮನಿಗೆ ಕಂಡದ್ದು ಅದೇ. ಅದರ ಹಿಂದೆ ಇನ್ನೂ ಒಂದೂವರೆ ನಿಮಿಷ ಉಳಿದಿತ್ತು. ಅಕ್ಕ ಅದನ್ನು ಮೂರು ಸಲ ನೋಡಿದಳು. ಹುಲ್ಲುಕಡ್ಡಿಯಷ್ಟೂ ಅಲುಗಾಟವಿರಲಿಲ್ಲ.

ಮತ್ತೆ ಆ ಒಂಟಿ ಬಡಿತಕ್ಕೆ ಬಂದು, ಒಂದೊಂದೇ ಚಿತ್ರವಾಗಿ ಮುಂದಕ್ಕೆ ಸರಿಸಿದಳು. ಒಂದು ಚಿತ್ರದಲ್ಲಿ ಕೊಳವೆ ಸಡಿಲವಾಗಿ ಬಿದ್ದಿತ್ತು, ಮರಳಿನ ಕಣಗಳಂಥ ಜೀವಕೋಶಗಳು ತಂತಮ್ಮ ಪಾಡಿಗೆ ಕೂತಿದ್ದವು. ಮುಂದಿನ ಚಿತ್ರದಲ್ಲಿ ಎಲ್ಲವೂ, ಈ ತುದಿಯಿಂದ ಆ ತುದಿಯವರೆಗೆ, ಒಟ್ಟಿಗೆ ಬಿಗಿದುಕೊಂಡಿದ್ದವು. ನಡುವೆ ಏನೂ ಇರಲಿಲ್ಲ.

ಅಕ್ಕ ಹಿಂದಕ್ಕೆ ಹೋದಳು. ಸಡಿಲ. ಮುಂದಕ್ಕೆ. ಬಿಗಿ.

"ಎಲ್ಲೋ ಒಂದು ಮೂಲೇಲಿ ಒಂದು ಕೋಶ ಮಿಡಿಯುತ್ತೆ, ಆಮೇಲೆ ಪಕ್ಕದ್ದು, ಹೀಗೆ ನಿಧಾನಕ್ಕೆ ಹಬ್ಬುತ್ತೆ ಅಂದ್ಕೊಂಡಿದ್ದೆ," ಎಂದಳು. "ಮೂವತ್ತು ವರ್ಷ ಹಾಗೇ ಪಾಠ ಮಾಡಿದ್ದೀನಿ ಕಣೋ. ಎಲ್ಲಾ ಒಂದೇ ಸಲಕ್ಕೆ ಎದ್ದಿವೆ. ನೋಡು. ಒಂದೇ ಸಲಕ್ಕೆ."

ತಮ್ಮನ ಕೈ ಅವನಿಗರಿವಿಲ್ಲದೆ ಅಂಗಿಯ ಗುಂಡಿಗಳ ನಡುವೆ, ಎದೆಯ ಹೊಲಿಗೆಯ ಗೆರೆಯ ಮೇಲೆ ಹೋಗಿತ್ತು. ಹೆಂಡತಿ ಅದನ್ನು ನೋಡಿ, ಅವನ ಇನ್ನೊಂದು ಕೈಯನ್ನು ಹಿಡಿದುಕೊಂಡಳು. ಆಸ್ಪತ್ರೆಯ ಆ ಬೆಂಚಿನ ಮೇಲೆ ಕುಳಿತಿದ್ದ ದಿನದ ನಂತರ ಅವಳು ಮೊದಲ ಬಾರಿಗೆ, ಅಡಗಿಸಿಕೊಳ್ಳದೆ, ಅತ್ತಳು. ಅಳುತ್ತಲೇ, "ಇನ್ನೊಂದ್ಸಲ ಹಾಕಿ ಅತ್ತಿಗೆ," ಎಂದಳು.

ಒಂಬತ್ತೂವರೆಗೆ ಹುಡುಗಿಯರ ಕ್ಲಾಸು ಬಂತು. ಅಕ್ಕ ಅಂದಿನ ಪಾಠ ಬಿಟ್ಟು, ದೊಡ್ಡ ಪರದೆಗೆ ಚಿತ್ರ ಹಾಕಿದಳು. ಮೊದಲ ಬೆಂಚಿನವರು ಪಿಸುಗುಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಯಾರೋ ಕದ್ದು ಬಾಯಿಗೇನೋ ಹಾಕಿಕೊಳ್ಳುತ್ತಿದ್ದರು. ಕೊಳವೆ ಸುಮ್ಮನಿದ್ದ ಒಂದೂವರೆ ನಿಮಿಷವನ್ನು ಅಕ್ಕ ಒಂದು ಮಾತೂ ಆಡದೆ ಓಡಿಸಿದಳು. ಮೊದಲ ಬಡಿತ ಬಂದುಹೋಯಿತು. ಪಿಸುಮಾತು ನಿಂತಿತು. ಎರಡನೆಯದಕ್ಕೆ ಕಾಯುವಾಗ ಐವತ್ತು ಹುಡುಗಿಯರ ಕೋಣೆಯಲ್ಲಿ ತೊಟ್ಟಿಗಳ ಗಾಳಿಗುಳ್ಳೆಯ ಸದ್ದು ಕೇಳುತ್ತಿತ್ತು. ಅದು ಬಂದಾಗ ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು.

ಬಾಗಿಲ ಬಳಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಆಯಾ ಕೇಳಿದಳು, "ಮೇಡಂ, ಇದಕ್ಕೆ ಶುರು ಮಾಡು ಅಂತ ಹೇಳಿದ್ಯಾರು?"

ಅಕ್ಕ ಬಾಯಿ ತೆರೆದಳು. ಉಪ್ಪಿನ ಅಂಶ, ಕೋಶದ ಪೊರೆ, ಮಿಂಚಿನಂಥ ಹರಿವು, ಎಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆಯಾಳ ಮುಖ ನೋಡಿದಳು, ಪರದೆ ನೋಡಿದಳು.

"ನನಗೆ ಗೊತ್ತಿಲ್ಲ ಕಣಮ್ಮ," ಎಂದಳು.

ಮುಂದಿನ ಕ್ಲಾಸಿನ ಗಂಟೆ ಹೊಡೆಯಿತು. ಒಬ್ಬಳೂ ಮೇಲೇಳಲಿಲ್ಲ.